ನಲವತ್ತಮೂರು ತೊಲ

ಗ್ರಾಂಟ್ ರೋಡಿನ ಸೇತುವೆ ಇಳಿದರೆ ಎಡಕ್ಕೆ,
ಹಾರ್ಮೋನಿಯಂ ರಿಪೇರಿಯವನ ಪಕ್ಕ,
ಮುಫದ್ದಲ್ ಭಾಯಿಯ ಅಂಗಡಿ.
ಅಂಗಡಿಯೇನು, ಓಣಿಯೊಂದಕ್ಕೆ ಬಾಗಿಲಿಟ್ಟ ಹಾಗೆ.
ಎರಡೂ ಗೋಡೆಗೆ ಕೋಲುಗಳು,
ಮಳೆಗೆ ಹೆದರಿ ಸೂರಿನಡಿ ನಿಂತವರಂತೆ ಒತ್ತಿಕೊಂಡು.

"ಆಟ ಯಾವುದು? ಸ್ನೂಕರಾ, ಪೂಲಾ?"
ಸ್ನೂಕರ್, ಅಂದೆ.
"ಎಷ್ಟು ವರ್ಷದಿಂದ?"
ಎಂಟು ತಿಂಗಳು.
ಅವನು ನನ್ನ ನೆರೆತ ಮೀಸೆ ನೋಡಿ
ಏನೂ ಹೇಳಲಿಲ್ಲ. ಒಳ್ಳೆಯ ವ್ಯಾಪಾರಿ.

ನಾನು ಜವೇರಿ ಬಜಾರಿನಲ್ಲಿ ಚಿನ್ನ ತೂಗುವವನು.
ತೂಗುತ್ತಿದ್ದವನು. ಈಗ ಗಾಜಿನ ಪೆಟ್ಟಿಗೆಯೊಳಗೆ
ಹಸಿರು ಅಂಕಿ ತಾನೇ ತೂಗುತ್ತದೆ,
ನಾನು ಓದಿ ಹೇಳುತ್ತೇನೆ.
ಕುಮಟೆಯ ಸೋದರಮಾವ ಕಣ್ಣು ಕಟ್ಟಿ ಕಲಿಸಿದ ಕೈ,
ಗುಲಗಂಜಿ ಹೆಚ್ಚುಕಮ್ಮಿಯಾದರೆ ನಿದ್ದೆಗೆಡುವ ಕೈ,
ಒಂದು ಸಂಜೆ ಸುಮ್ಮನಿರಲಾರದೆ
ಭಾಯಂದರಿನ ಬ್ಯಾಂಕೊಂದರ ನೆಲಮಾಳಿಗೆಯಲ್ಲಿ
ಗಂಟೆಗೆ ನೂರೈವತ್ತು ಕೊಟ್ಟು
ಹಸಿರು ಬಟ್ಟೆಯ ಮೇಲೆ ಊರಿ ಕೂತಿತು.

ಅಲ್ಲಿಯ ಕೋಲುಗಳೋ,
ನೀರಲ್ಲಿಟ್ಟ ಕಡ್ಡಿಯ ಹಾಗೆ ಸೊಟ್ಟ.
ತುದಿಯ ತೊಗಲು ಯಾರೋ ಜಗಿದುಗಿದ ಹಾಗೆ.
ಹುಡುಗರು ಗುರಿ ತಪ್ಪಿದಾಗೆಲ್ಲ ಕೋಲಿಗೆ ಬಯ್ಯುತ್ತಾರೆ.
ನನಗೂ ಬಯ್ಯಲು ಸ್ವಂತದ್ದೊಂದು ಬೇಕಿತ್ತು.

ಮೊದಲು ಕೇಳಿದ್ದು ಕಣ್ಣು:
ಬುಡದಲ್ಲಿ ಕರಿಮರ, ಕರಿಮರದಲ್ಲಿ ಮುತ್ತಿನ ಚಿಪ್ಪಿನ ಹೂವು,
ತಿರುಗಿಸಿದರೆ ಎರಡು ತುಂಡು, ಪೆಟ್ಟಿಗೆಗೆ ಮಖಮಲ್ಲು.
ಮದುಮಗಳ ಕಡೆಯವರು ಕೈ ತೋರಿಸುವ ಮಾದರಿ.
ಹಿಡಿದೆ. ಭಾರವೆಲ್ಲ ಹಿಂದೆ.
ಹೂವೇ ಆಡಬೇಕು, ತುದಿಗೆ ಜೀವವಿಲ್ಲ.
ವಾಪಸಿಟ್ಟೆ.

ಎರಡನೆಯದನ್ನು ಅವನೇ ಮೇಜಿನ ಮೇಲೆ ಉರುಳಿಸಿದ.
ಉರುಳಿತು, ಉರುಳುತ್ತ ಕುಂಟಿತು,
ಟಕ್. ಟಕ್.
"ಜೂನಿನಲ್ಲಿ ಬಂದ ಮಾಲು," ಅಂದ, "ಹವೆ ಕುಡಿದಿದೆ."

ಆರನೆಯದೋ ಏಳನೆಯದೋ ಇರಬೇಕು.
ಮೂಲೆಯಲ್ಲಿತ್ತು, ಗುಜರಾತಿ ಪೇಪರು ಸುತ್ತಿ.
ಒಂದೇ ತುಂಡು. ಬೂದುಬಿಳಿ ಆ್ಯಶ್ ಮರ,
ಮೈಮೇಲೆ ಬಾಣದ ಮೊನೆಗಳು ಒಂದರ ಬೆನ್ನಿಗೊಂದು
ತುದಿಯತ್ತ ಹೊರಟಿದ್ದವು.
ಬುಡ ಸಾದಾ. ಹೆಸರೊಂದಿತ್ತು, ಯಾರೋ ಉಜ್ಜಿ ಅಳಿಸಿದ್ದಾರೆ.
ಕಂಕುಳಿಗೆ ಸರಿಯಾಗಿ ಬಂತು.
ಗದ್ದ ತಾಗಿಸಿ, ಇಲ್ಲದ ಚೆಂಡಿಗೆ ಒಂದು ಏಟು ಹೊಡೆದೆ.

"ಹದಿನೆಂಟು ಔನ್ಸು."
ಅಲ್ಲ, ಅಂದೆ.
ಹದಿನೆಂಟಾದರೆ ನಲವತ್ತಮೂರು ಮುಕ್ಕಾಲು ತೊಲ ಬರಬೇಕು.
ಇದು ನಲವತ್ತಮೂರು.
ಮುಫದ್ದಲ್ ಭಾಯಿ ಟೋಪಿ ಸರಿಮಾಡಿಕೊಂಡು
ಒಳಗಿನಿಂದ ಅಂಚೆಯ ತಕ್ಕಡಿ ತಂದ.
ಮುಳ್ಳು ನಿಲ್ಲುವವರೆಗೆ ಇಬ್ಬರೂ ಉಸಿರು ಬಿಡಲಿಲ್ಲ.
ನಿಂತಿತು.
ಆಮೇಲೆ ಅವನು ನನ್ನ ಕೈ ನೋಡಿದ ಹಾಗೆ
ಗಾಜಿನ ಪೆಟ್ಟಿಗೆ ಬಂದ ಮೇಲೆ ಯಾರೂ ನೋಡಿರಲಿಲ್ಲ.
ಬೆಲೆಯಲ್ಲಿ ಮಾತ್ರ ಒಂದು ಪೈಸೆ ಇಳಿಸಲಿಲ್ಲ.

ಒಂದೇ ತುಂಡು ಅಂದರೇನೆಂದು
ಆರೂ ಇಪ್ಪತ್ತರ ಲೋಕಲ್ ತಿಳಿಸಿಕೊಟ್ಟಿತು.
ಐವತ್ತೆಂಟು ಇಂಚು. ಜನರ ಡಬ್ಬಿಯಲ್ಲಿ
ಅಷ್ಟುದ್ದ ನೆಟ್ಟಗಿರುವುದಕ್ಕೆ ಜಾಗವಿಲ್ಲ.
ಮೀನಿನವರ ಡಬ್ಬಿ ಹತ್ತಿದೆ.
ಖಾಲಿ ಬುಟ್ಟಿಗಳು, ಉಪ್ಪುನೀರು, ವಸಾಯಿಯ ಹೆಂಗಸರು.
ತುದಿಗೆ ಕರವಸ್ತ್ರ ಕಟ್ಟಿ
ಕಾಲೆರಡರ ನಡುವೆ ನಿಲ್ಲಿಸಿಕೊಂಡೆ.

ಒಬ್ಬಳು, ಕಚ್ಚೆಸೀರೆ, ಕಿವಿತುಂಬ ಚಿನ್ನ
(ಒಂದೊಂದು ಏಳು ಗ್ರಾಂ, ಬಲಗಡೆಯದು ಸವೆದಿದೆ),
"ಏನದು, ಗಳವಾ?" ಅಂದಳು.
ಆಟದ ಕೋಲು.
"ಎಷ್ಟು ಕೊಟ್ಟೆ?"
ನಾಲ್ಕು ಸಾವಿರ.

ಮೂವತ್ತೊಂದು ವರ್ಷ ಗುಲಗಂಜಿ ತಪ್ಪದವನು
ಒಂದೇ ಉಸಿರಿಗೆ ಹತ್ತು ಸಾವಿರ ತಪ್ಪಿದೆ.

ಅವಳು ಕೈ ಚಾಚಿ, ಸುರಮಯಿಯನ್ನು ಬಾಲ ಹಿಡಿದು ಎತ್ತುವಂತೆ
ಕೋಲನ್ನು ಒಂದಿಷ್ಟು ಎತ್ತಿ, ಇಳಿಸಿ,
ನನ್ನ ಮುಖ ನೋಡಿದಳು.
"ಮನೆಯಲ್ಲಿ ಹೇಳುವಾಗ
ಇದಕ್ಕಿಂತ ಗಟ್ಟಿಯಾಗಿ ಹೇಳು."

ಮೀರಾ ರೋಡ್ ದಾಟಿತು.
ತುಟಿಯೊಳಗೇ ಇನ್ನೊಮ್ಮೆ ಹೇಳಿ ನೋಡಿದೆ.
ನಾಲ್ಕು ಸಾವಿರ.