ಹಿಡಿತ

ಕುಂಬಳೆಯ ಲ್ಯಾಬಿನ ಕಾಗದದಲ್ಲಿ ಎರಡು ಸಾಲು,
ಎರಡರ ಮುಂದೆಯೂ ಪಾಸಿಟಿವ್.
ಒಂದು ಹಳೆಯ ಸೋಂಕಿನ ಗುರುತು, ಒಂದು ಹೊಸದರದು,
ಎರಡೂ ಒಟ್ಟಿಗಿದ್ದರೆ ಏನೂ ಹೇಳಲಿಕ್ಕಾಗದು.
ಡಾಕ್ಟರ್ ಷೈನಿ ಇದನ್ನು ಮಲಯಾಳದಲ್ಲಿ ಹೇಳಿದರು,
ಅತ್ತೆ ತುಳುವಿನಲ್ಲಿ ಕೇಳಿಸಿಕೊಂಡರು,
ನಾನು ಕನ್ನಡದಲ್ಲಿ ಹೆದರಿದೆ.

ಹನ್ನೊಂದನೇ ವಾರ.
ನೀನಾಗ ಒಂದು ಅಂಜೂರದಷ್ಟು ಎಂದಿತ್ತು ಮೊಬೈಲು.
ಅಂಜೂರ ನಾನು ಕಂಡದ್ದು ಒಣಗಿದ್ದು ಮಾತ್ರ,
ದುಬೈಯಿಂದ ಬಂದ ಯಾರದೋ ಪೊಟ್ಟಣದಲ್ಲಿ.
ಪುನರ್ಪುಳಿಯಷ್ಟು ಎಂದುಕೊಂಡೆ.

ಅರೆಬೆಂದ ಮಾಂಸ? ಇಲ್ಲ.
ಮಣ್ಣು? ಬಸಳೆಯ ಬುಡ ಕೆದಕುವಾಗ.
ಬೆಕ್ಕು?
ಅತ್ತೆ ನನ್ನ ಮುಖ ನೋಡಿದರು.
ಬೆಕ್ಕು, ಪುಚ್ಚೆ, ಪೂಚ್ಚ, ಹೇಗೆ ಕರೆದರೂ
ಅದು ನಮ್ಮ ಬೊಳ್ಳಿಯೇ.
ಅಕ್ಷಯ ಕೇಂದ್ರದ ಪ್ರಿಂಟರಿನ ಬಿಸಿಗೆ ಮಲಗುವವಳು,
ಸಂಜೆ ನನ್ನ ಬ್ಯಾಗಿನ ಹಿಂದೆಯೇ ಮನೆಗೆ ಬರುವವಳು.

ಆ ರಾತ್ರಿಯೇ ಮೈದುನ ಗೋಣಿಯ ಬಾಯಿ ಕಟ್ಟಿದ,
ಬೈಕಿನಲ್ಲಿ ಶಿರಿಯ ಸಂಕ ದಾಟಿಸಿ ಬಿಟ್ಟು ಬಂದ.
ನಾನು ತಡೆಯಲಿಲ್ಲ. ನಿನಗೆ ಇದನ್ನು ಹೇಳಲೇಬೇಕು:
ಬಾಗಿಲ ಸಂದಿನಲ್ಲಿ ನಿಂತು
ಗೋಣಿ ಒದೆಯುವುದನ್ನು ನೋಡುತ್ತ
ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ.

ಮತ್ತೆ ರಕ್ತ ತೆಗೆದರು, ಮಂಗಳೂರಿಗೆ ಹೋಯಿತು.
ಹಿಡಿತ ನೋಡಬೇಕು ಎಂದರು ಡಾಕ್ಟರು.
ಸೋಂಕು ಹೊಸದಾದರೆ ರಕ್ತದ ಕಾವಲಿನವರು
ಸಡಿಲಾಗಿ ಹಿಡಿಯುತ್ತಾರಂತೆ, ಮದುವೆ ಮನೆಯಲ್ಲಿ
ಗುರುತಿಲ್ಲದವರ ಕೈ ಹಿಡಿದ ಹಾಗೆ.
ತಿಂಗಳು ಕಳೆದ ಹಾಗೆ ಬಿಗಿಯಾಗುತ್ತದಂತೆ.

ಹನ್ನೆರಡು ದಿನ. ದಿನಕ್ಕೆ ಮೂರು ಮಾತ್ರೆ.
ಪರರ ಅರ್ಜಿ ತುಂಬಿದೆ: ರೇಷನ್ ಕಾರ್ಡು, ವಿಧವಾ ಪಿಂಚಣಿ,
ಯಾರದೋ ಮಗುವಿನ ಜನನಪತ್ರ.
ತೂಕದ ಕಾಲಮ್ಮಿಗೆ ಬಂದು ಬೆರಳು ನಿಂತಿತು.
ಪ್ರಿಂಟರು ಸುಮ್ಮನೆ ಬೆಚ್ಚಗಿತ್ತು.

ಹಿಡಿತ ಬಿಗಿ ಎಂದು ಬಂತು.
ಹಳೆಯದು, ನೀನು ಬರುವುದಕ್ಕೂ ಮುಂಚಿನದು,
ನಿನ್ನ ತನಕ ಬರಲಿಕ್ಕಿಲ್ಲ.
ಯಾವಾಗ? ವರ್ಷವೋ ಇಪ್ಪತ್ತು ವರ್ಷವೋ,
ಕಾಗದದಲ್ಲಿ ಅದಿಲ್ಲ.
ಪಕ್ಕದ ಕುರ್ಚಿಯ ಜುಬೈರಿಯಾ ಐದನೇ ಮಹಡಿಯಲ್ಲಿ ಬೆಳೆದವಳು,
ಎರಡೂ ನೆಗೆಟಿವ್ ಎಂದು ನಕ್ಕಳು.
ಅವಳಿಗೇ ಡಾಕ್ಟರು ಉದ್ದದ ಪಟ್ಟಿ ಬರೆದರು:
ಸೊಪ್ಪು ತೊಳೆದು, ಮಾಂಸ ಬೇಯಿಸಿ, ಮಣ್ಣಿಗೆ ಕೈಗವಸು.

ನನಗೆ ಪೈವಳಿಕೆಯ ಗದ್ದೆಬದು ನೆನಪಾಯಿತು.
ಗೆಣಸು ಕಿತ್ತು, ಲಂಗಕ್ಕೆ ಒರಸಿ, ಹಸಿಯಾಗಿಯೇ ಕಚ್ಚಿದ್ದು,
ಆಮೇಲೆ ಕೊರಳಲ್ಲಿ ಎದ್ದ ನೆಲ್ಲಿಕಾಯಿಯಂಥ ಗಂಟು,
ಅಮ್ಮ ಸುಣ್ಣ ಹಚ್ಚಿ ಶಾಲೆಗೆ ಕಳಿಸಿದ್ದು.
ಫೋನಿನಲ್ಲಿ ಕೇಳಿದೆ. ಯಾವ ಗಂಟು? ಎಂದಳು ಅಮ್ಮ.

ಆದಿತ್ಯವಾರ ಬಸ್ಸು ಹತ್ತಿ ಶಿರಿಯಕ್ಕೆ ಹೋದೆ.
ಬಿಳಿ ಬೆಕ್ಕಾ? ಇಲ್ಲಿ ಅರ್ಧಕ್ಕರ್ಧ ಬಿಳಿಯೇ
ಎಂದಳು ಮೀನಿನವಳು, ಬಂಗುಡೆಯ ತಲೆ ಎಸೆಯುತ್ತ.
ನಾಲ್ಕು ಓಡಿ ಬಂದವು.
ಕರೆದೆ. ಯಾವುದಕ್ಕೂ ಆ ಹೆಸರಿರಲಿಲ್ಲ.

ಮನೆಗೆ ಬಂದರೆ ಅತ್ತೆ ಮೆಟ್ಟಿಲಲ್ಲೇ ಕೂತಿದ್ದರು.
ತಿಕ್ಕ್ಂಡಾ? ಎಂದು ಕೇಳಿದರು, ನೆಲ ನೋಡುತ್ತ.
ಗೋಣಿಯನ್ನು ಒಗೆದು
ಬಿಸಿಲಿಗೆ ಹಾಕಿದ್ದರು.