ಗೋಡೆಯ ಮೇಲೆ ಉಣುಗು

ಸಾಗರದಿಂದ ಮೊದಲ ಬಸ್ಸಿಗೆ
ಡಬ್ಬ, ಬ್ರಷ್ಷು, ಸಮೀವುಲ್ಲಾ ಸಮೇತ ಬಂದಿಳಿದೆ.
ಆರೋಗ್ಯ ಕೇಂದ್ರದ ಗೋಡೆ, ಹನ್ನೆರಡಡಿ ಉದ್ದ,
ನಿನ್ನೆಯಷ್ಟೇ ಸುಣ್ಣ ಕಂಡದ್ದು.
ಡಾಕ್ಟರು ಚೀಟಿ ಕೊಟ್ಟರು:
ಮಂಗನ ಕಾಯಿಲೆ. ಉಣ್ಣೆ ಕಚ್ಚದಂತೆ ಎಚ್ಚರವಹಿಸಿ.

ಚೀಟಿಯಲ್ಲಿ ನನಗೆ ಕಂಡದ್ದು ಕಾಯಿಲೆಯಲ್ಲ,
ಆ ಣ್ಣೆ.
ಹೊಟ್ಟೆ ತುಂಬಿಸಿ, ಒತ್ತಿನ ಬಾಲವನ್ನು ಒಂದೇ ಉಸಿರಿಗೆ ಎಳೆದು
ನೆತ್ತಿಗೆ ಏತ್ವದ ಸುಳಿ.
ಮೂವತ್ತೆಂಟು ವರ್ಷ ಅಂಗಡಿ ಬೋರ್ಡು ಬರೆದ ಕೈ
ಇಂಥದ್ದಕ್ಕೇ ಕಾದಿರುತ್ತದೆ.
ಮಧ್ಯಾಹ್ನಕ್ಕೆ ಮುಗಿಸಿ, ಹಿಂದೆ ಸರಿದು, ಬೀಡಿ ಹಚ್ಚಿದೆ.

ಆಶಾ ಕಾರ್ಯಕರ್ತೆ ದ್ಯಾವಮ್ಮ
ಕೊಡೆ ಮಡಚಿ ಓದಿದಳು.
"ಉಣ್ಣೆ ಅಂದ್ರೆ ಕಂಬ್ಳಿದಲ್ವಾ? ನಮ್ ಬದಿ ಉಣುಗು ಅಂತಾರೆ."
ಡಾಕ್ಟರು ಹೌದೆಂದರು. ಅಷ್ಟು ಸಲೀಸಾಗಿ.
ಸೀಮೆಎಣ್ಣೆ ಬಟ್ಟೆಯಲ್ಲಿ
ನನ್ನ ಣ್ಣೆಯನ್ನು ನಾನೇ ಒರೆಸಿದೆ.

ಚಿತ್ರಕ್ಕಾದರೂ ಯಾರೂ ಕೈ ಹಾಕಲಾರರು ಅಂದುಕೊಂಡು
ಊಟದ ತಟ್ಟೆಯಷ್ಟಗಲ ಉಣುಗು ಬರೆದೆ,
ಎಂಟು ಕಾಲು, ಬೆನ್ನಿಗೆ ಕಂದು ಹೊಳಪು.
"ಇದು ಏಡಿ," ಅಂದಳು.
"ಸಾರು ಮಾಡಾದು ಹ್ಯಾಂಗೆ ಅಂತ ಕೇಳ್ತಾರೆ ಜನ."
ಸಮೀವುಲ್ಲಾ ಅತ್ತ ತಿರುಗಿ ನಕ್ಕದ್ದು
ಅವನ ಬೆನ್ನಿನಲ್ಲೇ ಕಂಡಿತು.
"ಹಂಗಾರೆ ನೀನೇ ಬರಿ ತಾಯಿ,"
ಸಿಟ್ಟಿಗೆ ಬ್ರಷ್ಷು ಚಾಚಿದೆ.

ಬ್ರಷ್ಷು ಮುಟ್ಟಲಿಲ್ಲ ಅವಳು.
ಕರಿ ಡಬ್ಬದ ಅಂಚಿಗೆ ಕಿರುಬೆರಳ ಉಗುರು ತಾಗಿಸಿ
ದರಗಿನ ಬುಟ್ಟಿ ಹೊತ್ತ ನನ್ನ ಹೆಂಗಸಿನ
ಹಿಮ್ಮಡಿಯ ಮೇಲೆ
ಸಾಸಿವೆಯಷ್ಟು ಇಟ್ಟಳು, ಒಂದು ಚುಕ್ಕೆ.
"ಬಾಣ ಗೀಣ ಹಾಕ್ಬೇಡಿ. ಹುಡುಕ್ಲಿ."

ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದೆ:
ಅಂಚು ಹರಿದಿದೆ, ಒಂದು ಕಡೆ ಜಾರಿದೆ.
ಸೊನ್ನೆ ನಂಬರಿನ ಬ್ರಷ್ಷಲ್ಲಿ ಗುಂಡಗೆ ತಿದ್ದಿದೆ.
ಚೆಂದವಾಯಿತು. ಮಚ್ಚೆಯಾಯಿತು.
ಬೆಳಿಗ್ಗೆ ಅವಳನ್ನೇ ಕರೆಸಿ, ಅಳಿಸಿ,
ಮತ್ತೆ ಇಡಿಸಬೇಕಾಯಿತು.
ಏನೂ ಅನ್ನಲಿಲ್ಲ;
ಉಗುರನ್ನು ನನ್ನ ಹೆಗಲ ಬಟ್ಟೆಗೆ ಒರೆಸಿ ಹೋದಳು.

ದರಗಿಗೆ ಹೊರಟ ಇಬ್ಬರು ಗೋಡೆಯೆದುರು ನಿಂತರು,
ಏನನ್ನೋ ಹುಡುಕಿದರು,
ಸಿಕ್ಕಿದ ಮೇಲೆ ಸೀರೆ ತುಸು ಎತ್ತಿ
ತಂತಮ್ಮ ಕಾಲು ನೋಡಿಕೊಂಡರು.
ನನ್ನ ಅಕ್ಷರ ಓದಿದರೋ ಇಲ್ಲವೋ.

ಮೂಲೆಯಲ್ಲಿ ಒಂದು ಗೇಣು ಖಾಲಿ ಇದೆ,
'ಗುತ್ಯಪ್ಪ ಆರ್ಟ್ಸ್' ಹಾಕುವ ಜಾಗ.
ಸಮೀವುಲ್ಲಾ ದಾರ ಬಿಗಿ ಹಿಡಿದು ಕಾಯುತ್ತಿದ್ದಾನೆ,
ಬಸ್ಸು ಹನ್ನೊಂದಕ್ಕೆ.
ಕಣ್ಣಲ್ಲೇ ಅಳೆದು ನೋಡಿದೆ:
ಅಲ್ಲಿ ಒಂದು ಣ್ಣೆ
ಸರಿಯಾಗಿ ಹಿಡಿಯುತ್ತದೆ.