ನೂರಕ್ಕೆ ಒಂದೂವರೆ

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹ್ಯಾಡಕ್ ಸೀಳಿದವಳು ನಾನು, ಮೇವಿಸ್ ಸ್ಕೆಲ್ಟನ್.
ಅಂಗೈಯಲ್ಲಿ ತೂಗಿದರೆ ಸಾಕು, ಹೇಳಿಬಿಡುತ್ತಿದ್ದೆ
ತಲೆಯೆಷ್ಟು, ಮುಳ್ಳೆಷ್ಟು, ತಟ್ಟೆಗೆ ಬೀಳುವುದೆಷ್ಟು.
ಅಂಥವಳ ಎದುರು ಕೂತು ಆ ಹುಡುಗಿ,
ಟ್ಯಾಮ್ಸಿನ್, ಉಗುರಿಗೆಲ್ಲ ಬೂದಿ ಬಣ್ಣ,
ನೂರಕ್ಕೆ ಒಂದೂವರೆ ಅಂದಳು, ಅದರ ಮೇಲೆ ತೆರಿಗೆ.
ಸಾವಿರದ ಏಳುನೂರು ಪೌಂಡಿನ ಆಸುಪಾಸು,
ಒಂದು ಬಾಗಿಲು ತೆಗೆದು ತೋರಿಸುವುದಕ್ಕೆ!
ನನಗೇನು ಕೈಯಿಲ್ಲವೇ?
ಚಹಾ ಕುಡಿಸಿ ಕಳಿಸಿದೆ.

ರಟ್ಟಿನ ಮೇಲೆ ದಪ್ಪ ಮಸಿಯಲ್ಲಿ ಬರೆದು ಕಿಟಕಿಗಿಟ್ಟೆ:
ಮನೆ ಮಾರಾಟಕ್ಕಿದೆ, ಒಳಗೆ ಬಂದು ಕೇಳಿ.
ಬಂದರು. ಕೇಳಿದರು. ಎಡವಟ್ಟಾದದ್ದು ಅಲ್ಲೇ.

ಮೊದಲು ಬಂದ ಜೋಡಿಗೆ
ಹಿಂದಿನ ಗೋಡೆ ಫೆಬ್ರವರಿಯಲ್ಲಿ ಬೆವರುವುದನ್ನು ಹೇಳಿದೆ,
ಕೈಹಿಡಿದು ಮುಟ್ಟಿಸಿಯೂ ತೋರಿಸಿದೆ.
ಆಮೇಲೆ ಬಂದ ಹೆಂಗಸಿಗೆ ಹೇಳಿದೆ
ಈ ಏಳನೇ ಮೆಟ್ಟಿಲ ಮೇಲೆಯೇ ನಮ್ಮ ರೆಗ್
ಬೂಟಿನ ದಾರ ಬಿಚ್ಚಲು ಕೂತವನು ಏಳಲಿಲ್ಲ ಅಂತ.
ಇಳಿಯುವಾಗ ಆಕೆ ಆರಕ್ಕೂ ಎಂಟಕ್ಕೂ ಕಾಲಿಟ್ಟಳು,
ಏಳಕ್ಕೆ ಇಡಲಿಲ್ಲ.
ಮೂರನೆಯವನು ವೈದೋತಾಸ್, ಲಿಥುವೇನಿಯಾದ ವೆಲ್ಡರ್,
ಜೊತೆಗೆ ಸ್ವೆಟರಿನ ಮೊಣಕೈ ಹರಿದ ಮಗಳು.
ಬೆಲೆ ಎಷ್ಟು ಅಂದ. ತೊಂಬತ್ತಾರು ಸಾವಿರ ಅಂದೆ.
ಸುಮ್ಮನೆ ನಿಂತ.
ತೊಂಬತ್ತೆರಡು ಅಂದೆ.
ಪಾಪ, ಅವನು ನನ್ನ ಮೊದಲ ಅಂಕಿಯನ್ನೇ
ತನ್ನ ಭಾಷೆಯಲ್ಲಿ ಎಣಿಸುತ್ತಿದ್ದನಷ್ಟೆ.
ಹೆಂಡತಿಯನ್ನು ಕೇಳಿ ಬರುತ್ತೇನೆಂದು ಹೋದ.
ಎರಡು ತಿಂಗಳು ರಟ್ಟು ಬಿಸಿಲಿಗೆ ಹಳದಿಯಾಯಿತು.

ಟ್ಯಾಮ್ಸಿನ್ ಮತ್ತೆ ಬಂದಾಗ ಒಂದೇ ಷರತ್ತು ಹಾಕಿದಳು:
ಜನ ನೋಡಲು ಬರುವ ಹೊತ್ತಿಗೆ ನೀವು ಮನೆಯಲ್ಲಿರಕೂಡದು.
ಸರಿ, ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ
ಸ್ಯಾಂಡ್‌ವಿಚ್ ಕಟ್ಟಿಕೊಂಡು ಕೂತೆ,
ಮೂರನೇ ನಂಬರ್ ಬಸ್ಸುಗಳನ್ನು ಒಂದೊಂದಾಗಿ ಬಿಡುತ್ತ.
ನನ್ನದೇ ಕಿಟಕಿಯಲ್ಲಿ ಅವಳ ತಲೆ ಸರಿದಾಡುತ್ತಿತ್ತು.
ಒದ್ದೆ ಗೋಡೆಗೆ ಆರಾಮಕುರ್ಚಿ ಒತ್ತಿಟ್ಟಿದ್ದಳು.
ಮೆಟ್ಟಿಲನ್ನು ಮೆಟ್ಟಿಲೆಂದಳು, ಅಷ್ಟೇ.

ಕೊನೆಗೆ ಕೊಂಡವನು ಯಾರು? ಅದೇ ವೈದೋತಾಸ್.
ಆ ಮುದುಕಿ ನನಗೆ ತೊಂಬತ್ತೆರಡು ಹೇಳಿದ್ದಳು ಅಂದನಂತೆ.
ಅದು ಆಗ, ಈಗ ಇನ್ನಿಬ್ಬರು ನೋಡುತ್ತಿದ್ದಾರೆ ಅಂದಳಂತೆ ಇವಳು.
ಇನ್ನಿಬ್ಬರು!
ನಿಲ್ದಾಣದಲ್ಲಿ ಕೂತು ನಾನು ಎಣಿಸಿದ್ದು ಒಬ್ಬರನ್ನೂ ಅಲ್ಲ.
ತೊಂಬತ್ತೈದಕ್ಕೆ ಮುಗಿಯಿತು.

ರಾತ್ರಿ ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ.
ನನ್ನ ಬಾಯಿಗಿಂತ ಅವಳ ಬಾಯಿ ತಂದದ್ದು ಮೂರು ಸಾವಿರ ಹೆಚ್ಚು.
ಅವಳಿಗೆ ಕೊಟ್ಟದ್ದು ಸಾವಿರದ ಏಳುನೂರ ಹತ್ತು.
ಉಳಿದದ್ದು ಸಾವಿರದ ಇನ್ನೂರ ತೊಂಬತ್ತು.
ಕೊಟ್ಟ ಕಾಸಿಗೆ ಮೋಸವಿಲ್ಲ, ಯಾರು ಕೇಳಿದರೂ ಹಾಗೇ ಹೇಳುತ್ತೇನೆ.
ಮೀನು ತನ್ನ ಮುಳ್ಳನ್ನು ತಾನೇ ತೆಗೆದುಕೊಳ್ಳುವುದಿಲ್ಲ.
ಆದರೆ ಆ ಹಣದಲ್ಲಿ ಕೊಂಡ ಹೊಸ ಕೋಟು ತೊಡುವಾಗ
ತೋಳು ಮೊಣಕೈಯ ಹತ್ತಿರ ಬಂದು
ಒಂದು ಗಳಿಗೆ ತಡೆಯುತ್ತದೆ.

ಈಗ ಕ್ಲೀಥಾರ್ಪ್ಸ್‌ನಲ್ಲಿ ತಂಗಿಯ ಜೊತೆಗಿದ್ದೇನೆ.
ಮೊನ್ನೆ ಸಮುದ್ರದ ಕಡೆ ನಡೆದು ಹೋಗುವಾಗ
ಒಂದು ಬೇಲಿಗೆ ಹಲಗೆ, ಕೈಬರಹ, ವಕ್ರ ಅಕ್ಷರ.
ಬೇಕಿಲ್ಲದಿದ್ದರೂ ಒಳಗೆ ಹೋದೆ.
ಮುದುಕ ಬಿಸ್ಕತ್ತಿನ ಡಬ್ಬಿ ತೆರೆದ,
ಸೋರುವ ಚಿಮಣಿ ತೋರಿಸಿದ, ಓಡಿಹೋದ ಮಗಳ ಕೋಣೆ ತೋರಿಸಿದ,
ನೆರೆಯವನ ಜೊತೆ ಹನ್ನೊಂದು ವರ್ಷ ಮಾತು ಬಿಡಿಸಿದ
ಬೇಲಿಯ ಜಗಳವನ್ನು ಮೊದಲಿನಿಂದ ಹೇಳಿದ.
ನಾನು ಅವನಿಗೆ ಟ್ಯಾಮ್ಸಿನ್ ನಂಬರು ಕೊಡಬಹುದಿತ್ತು,
ಚೀಲದಲ್ಲೇ ಇತ್ತು ಅವಳ ಕಾರ್ಡು.
ಹೊರಗೆ ಕತ್ತಲಾಗುವವರೆಗೂ ಕೇಳುತ್ತ ಕೂತೆ.
ಬೆಲೆ ಎಷ್ಟೆಂದು ಅವನೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.